ಹಳೆಯ ರೋಲ್ಸ್‌ರಾಯ್ಸ್ ಸ್ಟೇರಿಂಗ್ ಒಂದೇ ಬೆರಳಲ್ಲಿ ತಿರುಗುತ್ತಿತ್ತೇ? ಹೆನ್ರಿ ರಾಯ್ಸ್ ಬದುಕಿನಲ್ಲಿದೆ ಉತ್ತರ

ರೋಲ್ಸ್‌ರಾಯ್ಸ್ ಕಾರಿನ ಬಗ್ಗೆ ಒಂದಲ್ಲ ಒಂದು ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಮಹಾರಾಜರೊಬ್ಬರು ಸಿಟ್ಟಿಗೆದ್ದು ಆ ಕಾರುಗಳನ್ನು ಕಸ ಎತ್ತಲು ಬಳಸಿದರಂತೆ. ಒಂದು ಸಂದೇಶದಲ್ಲಿ ಆ ಮಹಾರಾಜರು ಅಲ್ವರ್‌ನವರು, ಇನ್ನೊಂದರಲ್ಲಿ ಪಟಿಯಾಲದವರು. ಆ ಕಾರು ದಾರಿಯಲ್ಲಿ ಕೆಟ್ಟು ನಿಲ್ಲುವುದೇ ಇಲ್ಲವಂತೆ. ನೂರು ವರ್ಷ ಹಳೆಯ ಮಾಡೆಲ್ ಆದರೂ ಅದರ ಸ್ಟೇರಿಂಗ್ ಒಂದೇ ಬೆರಳಲ್ಲಿ ತಿರುಗುತ್ತಿತ್ತಂತೆ. ಅದನ್ನು ಮಾಡಿದವರು ಹುಟ್ಟು ಜೀನಿಯಸ್ ಅಂತೆ.

ಇವುಗಳಲ್ಲಿ ಸ್ಟೇರಿಂಗ್ ಮಾತನ್ನೇ ಹಿಡಿದು ಹೊರಡೋಣ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದರ ಹಿಂದೆ ಇರುವ ಮನುಷ್ಯನ ಬದುಕಂತೂ ಯಾವ ಫಾರ್ವರ್ಡ್‌ಗಿಂತಲೂ ಸ್ವಾರಸ್ಯವಾಗಿದೆ.

ಚುಟುಕಾಗಿ ಹೇಳುವುದಾದರೆ

ಸಂದೇಶ: ಹಳೆಯ ಐಷಾರಾಮಿ ಕಾರುಗಳ ಸ್ಟೇರಿಂಗ್ ಒಂದೇ ಬೆರಳಲ್ಲಿ ತಿರುಗುತ್ತಿತ್ತು.

ವಾಸ್ತವ: ನಿಂತ ಕಾರಿನಲ್ಲಿ ಎರಡೂ ಕೈ ಹಾಕಿ ಬಲ ಬಿಡಬೇಕಿತ್ತು. ಕಾರು ಚಲಿಸತೊಡಗಿದ ಮೇಲೆ ಮಾತ್ರ ಹಗುರವಾಗುತ್ತಿತ್ತು. ಆ ಹಗುರತನ ಬಂದದ್ದು ವರ್ಷಗಟ್ಟಲೆ ನಡೆದ ಪರೀಕ್ಷೆಗಳಿಂದ.

ಹಿಟ್ಟಿನ ಗಿರಣಿಯವನ ಮಗ

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐವರು ಮಕ್ಕಳಲ್ಲಿ ಕೊನೆಯವರು. ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅದು ನಷ್ಟಕ್ಕೆ ಬಿದ್ದಾಗ ಕುಟುಂಬ ಲಂಡನ್‌ಗೆ ಹೋಯಿತು. 1872ರಲ್ಲಿ ತಂದೆ ತೀರಿಕೊಂಡಾಗ ಹೆನ್ರಿಗೆ 9 ವರ್ಷ.

ಆ ಹುಡುಗ ಬೀದಿಯಲ್ಲಿ ಪೇಪರ್ ಮಾರಿದ, ಮನೆಮನೆಗೆ ಟೆಲಿಗ್ರಾಂ ಹಂಚಿದ. ಶಾಲೆಗೆ ಹೋದದ್ದು ಒಟ್ಟು ಒಂದು ವರ್ಷದಷ್ಟು ಮಾತ್ರ. 1878ರಲ್ಲಿ ಸಂಬಂಧಿಯೊಬ್ಬರು ಹಣ ಕಟ್ಟಿ, ಪೀಟರ್‌ಬರೋದ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿಸಿದರು. ಮೂರು ವರ್ಷಕ್ಕೆ ಹಣ ಮುಗಿಯಿತು, ತರಬೇತಿಯೂ ಅರ್ಧಕ್ಕೆ ನಿಂತಿತು.

ಹಾಗಾಗಿ ರಾಯ್ಸ್ ಅವರಿಗೆ ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ, ಕಲಿಕೆಯ ಪೂರ್ತಿ ಪ್ರಮಾಣಪತ್ರವೂ ಇರಲಿಲ್ಲ. ಲೀಡ್ಸ್‌ನಲ್ಲಿ ಉಪಕರಣ ತಯಾರಿಸುವ ಕಡೆ ಸ್ವಲ್ಪ ಕಾಲ ದುಡಿದು, ಆಗಷ್ಟೇ ಬಂದಿದ್ದ ವಿದ್ಯುತ್ ದೀಪದ ಕಂಪನಿ ಸೇರಿದರು. 1884ರಲ್ಲಿ ಕೂಡಿಟ್ಟ 20 ಪೌಂಡ್ ಹಾಕಿ, ಅರ್ನೆಸ್ಟ್ ಕ್ಲೇರ್‌ಮಾಂಟ್ ಎಂಬುವರ ಜೊತೆ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಮೊದಲು ಮನೆಯ ಕರೆಗಂಟೆ, ಆಮೇಲೆ ಡೈನಮೋ, ಆಮೇಲೆ ವಿದ್ಯುತ್ ಕ್ರೇನ್. ಊಟ ನಿದ್ದೆ ಮರೆತು ದುಡಿಯುವ ಅಭ್ಯಾಸ ಆಗಲೇ ಅಂಟಿಕೊಂಡಿತು. ಮುಂದೆ ಆರೋಗ್ಯ ಕೆಟ್ಟದ್ದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

ಕಾರು ಕೊಂಡರು, ಬಿಚ್ಚಿದರು

1902ರ ಸುಮಾರಿಗೆ ಕ್ರೇನ್ ವ್ಯಾಪಾರ ಇಳಿಯಿತು. ಆ ಹೊತ್ತಿಗೆ ರಾಯ್ಸ್ ಫ್ರಾನ್ಸಿನ ಡೆಕೋವಿಲ್ ಎಂಬ ಎರಡು ಸಿಲಿಂಡರಿನ ಕಾರು ಕೊಂಡರು. ಕೆಟ್ಟ ಕಾರೇನಲ್ಲ. ಆದರೂ ಸದ್ದು, ನಡುಕ, ಸಣ್ಣಪುಟ್ಟ ದೋಷಗಳು ಅವರಿಗೆ ಸಹಿಸಲಾಗಲಿಲ್ಲ. ಬಿಡಿಭಾಗಗಳನ್ನು ಬಿಚ್ಚಿ ನೋಡಿ, ಇದಕ್ಕಿಂತ ಚೆನ್ನಾಗಿ ತಾವೇ ಮಾಡಬಹುದು ಎಂದು ಹೊರಟರು. 1904ರ ಏಪ್ರಿಲ್ 1ರಂದು ಅವರ ಮೊದಲ ಕಾರು ರಸ್ತೆಗಿಳಿಯಿತು.

ಮರುತಿಂಗಳು, ಮೇ 4ರಂದು, ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲ್‌ನಲ್ಲಿ ಚಾರ್ಲ್ಸ್ ರೋಲ್ಸ್ ಅವರ ಭೇಟಿ ಆಯಿತು. ರೋಲ್ಸ್ ಶ್ರೀಮಂತ ಮನೆತನದವರು, ಕೇಂಬ್ರಿಜ್‌ನಲ್ಲಿ ಓದಿದವರು, ಲಂಡನ್‌ನಲ್ಲಿ ಕಾರು ಮಾರುತ್ತಿದ್ದವರು. ರಾಯ್ಸ್ ತಯಾರಿಸುವುದು, ರೋಲ್ಸ್ ಮಾರುವುದು ಎಂದು ಒಪ್ಪಂದವಾಯಿತು. ಇಬ್ಬರೂ ಸೇರಿ ಕಾರು ವಿನ್ಯಾಸ ಮಾಡಿದರು ಎಂಬ ಸಂದೇಶವೂ ಓಡಾಡುತ್ತದೆ. ವಿನ್ಯಾಸದ ಹೊಣೆ ರಾಯ್ಸ್ ಅವರದ್ದು. ರೋಲ್ಸ್ 1910ರ ಜುಲೈ 12ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಕೂದಲಿಗಿಂತ ತೆಳುವಾದ ಸವೆತ

1907ರಲ್ಲಿ ಕಂಪನಿ ಒಂದು ಧೈರ್ಯದ ಕೆಲಸ ಮಾಡಿತು. ಆರು ಸಿಲಿಂಡರಿನ ಹೊಸ ಕಾರಿಗೆ ಬೆಳ್ಳಿಯ ಬಣ್ಣ ಬಳಿದು, ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟು, ರಾಯಲ್ ಆಟೊಮೊಬೈಲ್ ಕ್ಲಬ್‌ನ ಪರೀಕ್ಷಕರನ್ನು ಕೂರಿಸಿಕೊಂಡು ಪರೀಕ್ಷೆಗಿಳಿಸಿತು. ಕಾರು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಓಡಾಡುತ್ತಲೇ ಇತ್ತು. 629ನೆಯ ಮೈಲಿಯಲ್ಲಿ ರಸ್ತೆಯ ಕುಲುಕಾಟಕ್ಕೆ ಪೆಟ್ರೋಲ್ ಟ್ಯಾಪ್ ತಾನಾಗಿ ಮುಚ್ಚಿಕೊಂಡು ಒಂದು ನಿಮಿಷ ನಿಂತಿತು. ಅದರ ನಂತರ 14,371 ಮೈಲಿ, ಅಂದರೆ ಸುಮಾರು 23,000 ಕಿಲೋಮೀಟರ್, ಕೆಟ್ಟು ನಿಲ್ಲದೆ ಓಡಿತು.

ಒಟ್ಟು 15,000 ಮೈಲಿ ಮುಗಿದ ಮೇಲೆ ಪರೀಕ್ಷಕರು ಕಾರನ್ನು ಪೂರ್ತಿ ಬಿಚ್ಚಿ ಒಂದೊಂದೇ ಭಾಗವನ್ನು ಅಳೆದರು. ಎಂಜಿನ್‌ನಲ್ಲಿ ದೋಷವಿಲ್ಲ, ಗೇರ್‌ನಲ್ಲೂ ಇಲ್ಲ. ಆದರೆ ಸ್ಟೇರಿಂಗ್‌ನ ಒಂದೆರಡು ಭಾಗಗಳಲ್ಲಿ ಸವೆತ ಕಂಡಿತು. ಎಷ್ಟು? ಇಂಚಿನ ಸಾವಿರದ ಒಂದು ಭಾಗದಷ್ಟು. ನಿಮ್ಮ ತಲೆಕೂದಲು ಇದಕ್ಕಿಂತ ದಪ್ಪ!

ಬೇರೆಯವರಾದರೆ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಲ್ಲಿ ಅದನ್ನೂ ದೋಷವೆಂದು ಬರೆದುಕೊಂಡರು. ಕಾರನ್ನು ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ ಎರಡು ಪೌಂಡಿಗಿಂತ ಸ್ವಲ್ಪ ಹೆಚ್ಚಾಯಿತು, ಅಷ್ಟೇ.

ಇಷ್ಟು ಸಣ್ಣ ಸವೆತಕ್ಕೆ ಅಷ್ಟು ಮಹತ್ವ ಏಕೆ? ಸ್ಟೇರಿಂಗ್ ಚಕ್ರದಿಂದ ರಸ್ತೆಯ ಚಕ್ರದವರೆಗೆ ಹಲವು ಕೀಲುಗಳಿರುತ್ತವೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಸವೆದರೆ ಎಲ್ಲ ಕೂಡಿಕೊಂಡು, ಚಾಲಕನ ಕೈಯಲ್ಲಿ ಎದ್ದು ಕಾಣುವ ಸಡಿಲತನ ಆಗುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನೇ ಪ್ಲೇ ಬಂದಿದೆ ಎನ್ನುತ್ತಾರೆ.

ಸ್ಟೇರಿಂಗ್ ಹಗುರವಾಗುವುದು ಹೇಗೆ?

ಎಂಜಿನ್ ಬಲದಿಂದ ಸ್ಟೇರಿಂಗ್ ತಿರುಗಿಸುವ ಪವರ್ ಸ್ಟೇರಿಂಗ್ ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ರೋಲ್ಸ್‌ರಾಯ್ಸ್‌ಗೆ ಅದು ಬಂದದ್ದು 1956ರಲ್ಲಿ. ಅಂದರೆ ರಾಯ್ಸ್ ಬದುಕಿದ್ದಾಗ ಮಾಡಿದ ಒಂದು ಕಾರಿನಲ್ಲೂ ಅದು ಇರಲಿಲ್ಲ. ಒಂದೂವರೆ ಟನ್ನಿಗೂ ಹೆಚ್ಚು ತೂಕದ ಗಾಡಿಯನ್ನು ಚಾಲಕನ ತೋಳೇ ತಿರುಗಿಸಬೇಕಿತ್ತು. ಹಾಗಾದರೆ ಹಗುರ ಮಾಡುವುದು ಹೇಗೆ? ಇಲ್ಲಿ ನಾಲ್ಕು ಸಂಗತಿಗಳಿವೆ.

ಒಂದು, ಸನ್ನೆಯ ಲೆಕ್ಕ. ಸ್ಟೇರಿಂಗ್ ಚಕ್ರ ದೊಡ್ಡದಾದಷ್ಟೂ ಬೇಕಾಗುವ ಬಲ ಕಡಿಮೆ. ಹಳೆಯ ಕಾರುಗಳ ಸ್ಟೇರಿಂಗ್ ಅಷ್ಟು ದೊಡ್ಡದಾಗಿ ಕಾಣುವುದು ಅಂದಕ್ಕಲ್ಲ.

ಎರಡು, ತಿರುಪು. ಸಿಲ್ವರ್ ಘೋಸ್ಟ್‌ನಲ್ಲಿ ಸ್ಟೇರಿಂಗ್ ಕಂಬದ ತುದಿಯಲ್ಲಿ ತಿರುಪು ಮತ್ತು ಅದರ ಮೇಲೆ ಚಲಿಸುವ ನಟ್ ಇತ್ತು. ಕಾರು ಎತ್ತುವ ಸ್ಕ್ರೂ ಜಾಕ್ ನೆನಪಿಸಿಕೊಳ್ಳಿ. ಹಿಡಿ ತಿರುಗಿಸಿದರೆ ಕಾರು ಮೇಲೇಳುತ್ತದೆ, ಆದರೆ ಕಾರಿನ ಭಾರಕ್ಕೆ ಹಿಡಿ ಹಿಂದಕ್ಕೆ ತಿರುಗುವುದಿಲ್ಲ. ಸ್ಟೇರಿಂಗ್‌ನ ತಿರುಪೂ ಹಾಗೇ ಇದ್ದರೆ ಗುಂಡಿಗೆ ಬಿದ್ದಾಗ ಕೈಗೆ ಹೊಡೆತ ಬೀಳುವುದಿಲ್ಲ. ಆದರೆ ರಸ್ತೆ ಜಾರುತ್ತಿದೆಯೇ, ಚಕ್ರಕ್ಕೆ ಹಿಡಿತ ಇದೆಯೇ ಎಂಬ ಸುಳಿವೂ ಕೈಗೆ ತಲುಪುವುದಿಲ್ಲ. ತಿರುಪಿನ ಓರೆ ಹೆಚ್ಚಿಸಿದರೆ ಸುಳಿವು ಸಿಗುತ್ತದೆ, ಜೊತೆಗೆ ಹೊಡೆತವೂ ಬರುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಕಾಗದದ ಮೇಲಿನ ಲೆಕ್ಕವೊಂದೇ ಹೇಳಲಾರದು. ಓಡಿಸಿಯೇ ನೋಡಬೇಕು.

ಮೂರು, ಚಕ್ರ ತಾನಾಗಿ ನೇರವಾಗುವ ಗುಣ. ಸೂಪರ್ ಮಾರ್ಕೆಟ್ ಟ್ರಾಲಿಯ ಮುಂಚಕ್ರ ಗಮನಿಸಿ. ಅದು ತಿರುಗುವ ಕೀಲಿಗಿಂತ ಸ್ವಲ್ಪ ಹಿಂದೆ ನೆಲ ಮುಟ್ಟುತ್ತದೆ. ಅದಕ್ಕೇ ಟ್ರಾಲಿ ತಳ್ಳಿದಾಗ ಚಕ್ರ ತಾನಾಗಿ ನೇರವಾಗುತ್ತದೆ. ಕಾರಿನಲ್ಲೂ ಇದೇ ತತ್ವ. ಕೀಲನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿದರೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಮಧ್ಯಕ್ಕೆ ಬರುತ್ತದೆ. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ಓರೆ ಹೆಚ್ಚಾದರೆ ಸ್ಟೇರಿಂಗ್ ಭಾರ, ಕಡಿಮೆಯಾದರೆ ಕಾರು ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಅಂಥ ಹಳೆಯ ಅಚ್ಚುಗಳಲ್ಲಿ ಸ್ಪ್ರಿಂಗ್ ಪಟ್ಟಿ ಮತ್ತು ಅಚ್ಚಿನ ನಡುವೆ ತೆಳುವಾದ ಆಪು ಇಟ್ಟು ಇದನ್ನು ಸರಿಪಡಿಸುತ್ತಿದ್ದರು.

ನಾಲ್ಕು, ಟೈರ್. ನಿಂತ ಕಾರಿನ ಚಕ್ರ ತಿರುಗಿಸಿದರೆ ರಬ್ಬರ್ ನೆಲಕ್ಕೆ ತಿಕ್ಕುತ್ತದೆ, ಅದಕ್ಕೆ ಬಲ ಬೇಕು. ಚಕ್ರ ಉರುಳುತ್ತಿದ್ದರೆ ಆ ತಿಕ್ಕಾಟ ತುಂಬ ಕಡಿಮೆ. ಒಂದು ಬೆರಳಿನ ಕಥೆಯಲ್ಲಿ ಇರುವ ನಿಜದ ಅಂಶ ಇಷ್ಟೇ.

ಕುಲುಕುವ ಯಂತ್ರ, ಘಟ್ಟದ ದಾರಿ

ರಾಯ್ಸ್ ನಂಬಿದ್ದು ಮುರಿದು ನೋಡುವ ಪರೀಕ್ಷೆಯನ್ನು. ಅವರ ಕಾರ್ಖಾನೆಯಲ್ಲಿ ಕಾರಿನ ಚಕ್ರಗಳನ್ನು ಉಬ್ಬುತಗ್ಗಿನ ಉರುಳೆಗಳ ಮೇಲೆ ನಿಲ್ಲಿಸಿ ಕುಲುಕುವ ಯಂತ್ರವಿತ್ತು. ರಸ್ತೆಯಲ್ಲಿ ವರ್ಷಗಳ ಮೇಲೆ ಬರಬೇಕಾದ ಬಿರುಕು ಅಲ್ಲಿ ಬೇಗ ಬರುತ್ತಿತ್ತು. ಯಾವುದು ಮುರಿಯಿತೋ ಅದನ್ನು ಬಲಪಡಿಸಿ, ಮತ್ತೆ ಕುಲುಕುವುದು. ಅರ್ನೆಸ್ಟ್ ಹೈವ್ಸ್ ನೇತೃತ್ವದ ಪ್ರಯೋಗ ವಿಭಾಗ ಮುಂದೆ ಫ್ರಾನ್ಸಿನ ರಸ್ತೆಗಳಲ್ಲಿ ಹೊಸ ಮಾದರಿಗಳನ್ನು 10,000 ಮೈಲಿ ಓಡಿಸಿ ನೋಡುತ್ತಿತ್ತು.

ನಮ್ಮ ಕಡೆಯ ರಸ್ತೆಯೂ ಈ ಕಥೆಯಲ್ಲಿದೆ. 1908ರಲ್ಲಿ ಒಂದು ಸಿಲ್ವರ್ ಘೋಸ್ಟ್ ಮುಂಬಯಿ ಮತ್ತು ಕೊಲ್ಹಾಪುರದ ನಡುವೆ, ಘಟ್ಟಗಳ ಮೇಲೆ, 620 ಮೈಲಿಯ ಪರೀಕ್ಷೆಯಲ್ಲಿ ಗೆದ್ದಿತು. ಆ ಕಾರನ್ನು ಗ್ವಾಲಿಯರ್ ಮಹಾರಾಜರು ಕೊಂಡರು. ಮೈಸೂರು ಅರಮನೆಯೂ ಸೇರಿ ಹಲವು ಅರಮನೆಗಳ ಅಂಗಳಕ್ಕೆ ಈ ಕಾರುಗಳು ಬಂದವು.

ಹಾಗಂತ ಈ ಕಾರು ಸೋತದ್ದೇ ಇಲ್ಲ ಎನ್ನಬೇಡಿ. 1912ರಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಪರ್ವತದ ಸ್ಪರ್ಧೆಯಲ್ಲಿ ಒಂದು ಸಿಲ್ವರ್ ಘೋಸ್ಟ್ ಕಡಿದಾದ ಏರಿನಲ್ಲಿ ಹತ್ತಲಾಗದೆ ನಿಂತಿತು. ಇದ್ದ ಮೂರು ಗೇರ್ ಸಾಲಲಿಲ್ಲ. ಕಂಪನಿ ಅದನ್ನು ಮುಚ್ಚಿಡಲಿಲ್ಲ. ನಾಲ್ಕು ಗೇರ್ ಹಾಕಿ 1913ರಲ್ಲಿ ಅದೇ ಸ್ಪರ್ಧೆಗೆ ಹಿಂತಿರುಗಿ ಹೆಸರು ಗಳಿಸಿತು.

ಹಾಸಿಗೆ ಹಿಡಿದ ಮೇಲೂ ನಿಲ್ಲದ ಕೆಲಸ

1911ರಲ್ಲಿ ರಾಯ್ಸ್ ತೀವ್ರ ಕಾಯಿಲೆ ಬಿದ್ದರು. 1912ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಕೈಚೆಲ್ಲಿದ್ದರು. ಕಂಪನಿಯ ಆಡಳಿತ ನೋಡುತ್ತಿದ್ದ ಕ್ಲಾಡ್ ಜಾನ್ಸನ್ ಅವರನ್ನು ಕಾರ್ಖಾನೆಯಿಂದ ದೂರ ಇಡಲು ನಿರ್ಧರಿಸಿದರು. ಚಳಿಗಾಲದಲ್ಲಿ ಫ್ರಾನ್ಸಿನ ದಕ್ಷಿಣ ಕಡಲತೀರದ ಲ ಕನಡೆಲ್, ಉಳಿದ ಕಾಲ ಇಂಗ್ಲೆಂಡಿನ ಕಡಲತೀರ. 1917ರಿಂದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯೇ ಮನೆಯಾಯಿತು. ನರ್ಸ್ ಎಥೆಲ್ ಆಬಿನ್ ಅವರ ಆರೈಕೆಯಲ್ಲಿ ಅವರು ಇನ್ನೂ ಎರಡು ದಶಕ ಬದುಕಿದರು.

ಡರ್ಬಿಯ ಕಾರ್ಖಾನೆ ಅಲ್ಲಿಂದ ಬಹಳ ದೂರ. ಕೆಲಸ ನಡೆದದ್ದು ಹೇಗೆ? ವಿನ್ಯಾಸಕಾರರ ಸಣ್ಣ ತಂಡ ಅವರ ಮನೆಯ ಹತ್ತಿರವೇ ಬಿಡಾರ ಹೂಡಿತು. ರಾಯ್ಸ್ ಹೇಳಿದ್ದನ್ನು ಅವರು ನಕ್ಷೆಯಾಗಿ ಬರೆಯುತ್ತಿದ್ದರು, ನಕ್ಷೆ ಮತ್ತು ಪತ್ರ ಡರ್ಬಿಗೆ ಹೋಗುತ್ತಿದ್ದವು. ಅಲ್ಲಿ ತಯಾರಾದ ಕಾರು ಪರೀಕ್ಷೆಗೆ ಅವರ ಮನೆ ಬಾಗಿಲಿಗೆ ಬರುತ್ತಿತ್ತು. ರಾಯ್ಸ್ ಅದರಲ್ಲಿ ಹೊರಟು ಬಂದು, ಸರಿಯಿಲ್ಲದ್ದನ್ನೆಲ್ಲ ಬರೆಸಿ ಕಳಿಸುತ್ತಿದ್ದರು. ಕಾರ್ಖಾನೆಯ ನೆಲ ಮೆಟ್ಟದೆ ಅವರು ಇಷ್ಟು ವರ್ಷ ಕಾರು ಮತ್ತು ವಿಮಾನದ ಎಂಜಿನ್ ರೂಪಿಸಿದ್ದು ಹೀಗೆ.

ಆ ವರ್ಷಗಳಲ್ಲಿ ಸ್ಟೇರಿಂಗ್‌ಗೆ ಹೊಸ ತಲೆನೋವು ಬಂತು. 1920ರ ದಶಕದಲ್ಲಿ ಮುಂಚಕ್ರಕ್ಕೂ ಬ್ರೇಕ್ ಬಂದವು, ಗಾಳಿಯೊತ್ತಡ ಕಡಿಮೆ ಇರುವ ದಪ್ಪ ಟೈರ್‌ಗಳೂ ಬಂದವು. ಮುಂದೆ ಬ್ರೇಕ್ ಹಾಕಿದರೆ ಇಡೀ ಅಚ್ಚು ಸ್ವಲ್ಪ ತಿರುಚಿಕೊಳ್ಳುತ್ತದೆ. ಆಗ ನಾವು ಮೇಲೆ ನೋಡಿದ ಕ್ಯಾಸ್ಟರ್ ಓರೆಯೇ ಬದಲಾಗಿ ಕಾರು ಪಕ್ಕಕ್ಕೆ ಎಳೆಯಬಹುದು. ಮೆತ್ತನೆಯ ಟೈರ್‌ಗಳಿಂದ ಒಂದು ವೇಗದಲ್ಲಿ ಮುಂಚಕ್ರಗಳು ಪಟಪಟನೆ ಅದುರತೊಡಗುತ್ತಿದ್ದವು. ಆ ಕಾಲದ ಎಲ್ಲ ಕಾರು ತಯಾರಕರನ್ನೂ ಕಾಡಿದ ಸಮಸ್ಯೆ ಇದು.

ಹಿಸ್ಪಾನೊ ಸುಯಿಜಾ ಕಂಪನಿ 1919ರಲ್ಲೇ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟಿತ್ತು. ರೋಲ್ಸ್‌ರಾಯ್ಸ್ ಕೊಟ್ಟದ್ದು 1924ರ ಕೊನೆಯ ಹೊತ್ತಿಗೆ. ಜಗತ್ತಿನ ಅತ್ಯುತ್ತಮ ಕಾರು ಎಂದು ಕರೆಸಿಕೊಂಡ ಕಂಪನಿ ಹಿಂದೆ ಬಿದ್ದಿತ್ತು. ರಾಯ್ಸ್ ಹೊಸದನ್ನು ಮೊದಲು ತರುವವರಲ್ಲ, ಪರೀಕ್ಷೆ ಮುಗಿಸಿ ತರುವವರು. ಅದರಿಂದ ಲಾಭವೂ ಆಯಿತು, ಕಾಯುವ ಗ್ರಾಹಕರಿಗೆ ಬೇಸರವೂ ಆಯಿತು.

1930ರ ಹೊತ್ತಿಗೆ ಅವರು ಆಸಕ್ತಿಯಿಂದ ಮಾಡಿಸಿದ್ದು ಫ್ಯಾಂಟಮ್ 2 ಕಾಂಟಿನೆಂಟಲ್. ಯುರೋಪಿನ ಉದ್ದ ದಾರಿಗಳಲ್ಲಿ ಸ್ವತಃ ಓಡಿಸುವವರಿಗಾಗಿ ಮಾಡಿದ ಕಾರು. ಚಾಸಿ ಗಿಡ್ಡ, ಸ್ಪ್ರಿಂಗ್ ಗಟ್ಟಿ, ಸ್ಟೇರಿಂಗ್ ಕಂಬ ಇನ್ನಷ್ಟು ಓರೆಯಾಗಿ ಕೆಳಗೆ. ಹಿಂದಿನ ಸೀಟಿನ ಸುಖದ ಜೊತೆಗೆ ಚಾಲಕನ ಕೈಯ ಸುಖವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಾರು ಅದು.

ಕೈಯ ಅನುಭವ ಅಂಕಿಯಾಯಿತು

ರಾಯ್ಸ್ ಬಳಿ ನಕ್ಷೆ ಬರೆಯುತ್ತಿದ್ದವರಲ್ಲಿ ಮಾರಿಸ್ ಓಲೀ ಒಬ್ಬರು. ಅವರು ಮುಂದೆ ಅಮೆರಿಕಕ್ಕೆ ಹೋಗಿ, 1930ರ ದಶಕದಲ್ಲಿ ಜನರಲ್ ಮೋಟಾರ್ಸ್ ಸೇರಿದರು. ಎರಡೂ ಮುಂಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಅನ್ನು ಅಲ್ಲಿನ ಕಾರುಗಳಿಗೆ ತರುವುದರಲ್ಲಿ ಅವರದ್ದು ದೊಡ್ಡ ಪಾಲು. ಕಾರು ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಅಳೆಯುವ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲೂ ಅವರ ಹೆಸರಿದೆ.

ರಾಯ್ಸ್ ಅವರಿಗೆ 1930ರಲ್ಲಿ ಸರ್ ಪದವಿ ಬಂತು. ಅವರು ಮಾತ್ರ ತಮ್ಮನ್ನು ಮೆಕ್ಯಾನಿಕ್ ಎಂದೇ ಕರೆದುಕೊಂಡರು. 1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್‌ನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಈಗ ಹುಟ್ಟೂರು ಆಲ್ವಾಲ್ಟನ್‌ನ ಚರ್ಚಿನಲ್ಲಿದೆ.

ಅವರ ಸಾವಿನ ಶೋಕಕ್ಕೆ ಕಂಪನಿಯ ಲಾಂಛನದ ಕೆಂಪು ಅಕ್ಷರ ಕಪ್ಪಾಯಿತು ಎಂಬ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಆ ಬದಲಾವಣೆ ಅವರು ಬದುಕಿದ್ದಾಗಲೇ ಶುರುವಾಗಿತ್ತು. ಕೆಂಪು ಅಕ್ಷರ ಕೆಲವು ಕಾರುಗಳ ಬಣ್ಣಕ್ಕೆ ಹೊಂದುತ್ತಿರಲಿಲ್ಲ, ಅಷ್ಟೇ ಕಾರಣ.

ನಿಮ್ಮ ಗಾಡಿಯಲ್ಲಿ ಇದನ್ನು ನೋಡಿ

ನಿಮ್ಮ ಬಳಿ ರೋಲ್ಸ್‌ರಾಯ್ಸ್ ಬೇಕಿಲ್ಲ. ಹಳೆಯ ಮಾರುತಿಯಾದರೂ ಸರಿ, ಬಾಡಿಗೆಯ ಟೆಂಪೊ ಆದರೂ ಸರಿ.

- ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು, ಸ್ಟೇರಿಂಗ್ ಅನ್ನು ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸಿ. ಹೊರಗೆ ನಿಂತವರು ಮುಂಚಕ್ರ ನೋಡಲಿ. ಸ್ಟೇರಿಂಗ್ ಆಡುತ್ತಿದ್ದರೂ ಚಕ್ರ ಕದಲದಿದ್ದರೆ ಪ್ಲೇ ಬಂದಿದೆ. ಮೊದಲಿಗಿಂತ ಹೆಚ್ಚಾಗಿದ್ದರೆ ಬಾಲ್ ಜಾಯಿಂಟ್, ಟೈ ರಾಡ್ ತೋರಿಸಿ.
- ನೇರ ರಸ್ತೆಯಲ್ಲಿ ಗಾಡಿ ಒಂದೇ ಕಡೆ ಎಳೆದರೆ ಮೊದಲು ಎರಡೂ ಟೈರ್‌ಗಳ ಗಾಳಿ ನೋಡಿ, ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಬ್ರೇಕ್ ತೋರಿಸಿ.
- ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೇರಿಂಗ್ ಅದುರಿದರೆ ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿ.
- ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ, ಅಥವಾ ಇದ್ದಕ್ಕಿದ್ದಂತೆ ಭಾರವಾದರೆ, ಗಾಡಿಯನ್ನು ಹಾಗೇ ಓಡಿಸುತ್ತಾ ಹೋಗಬೇಡಿ.

ಪ್ಲೇ ಒಂದೇ ದಿನಕ್ಕೆ ಬರುವುದಿಲ್ಲ. ದಿನವೂ ಓಡಿಸುವವರ ಕೈ ಅದಕ್ಕೆ ಒಗ್ಗಿಬಿಡುತ್ತದೆ, ಗೊತ್ತಾಗುವುದೇ ಇಲ್ಲ. ಅದಕ್ಕೇ ತಿಂಗಳಿಗೊಮ್ಮೆ ಬೇರೆಯವರ ಕೈಗೆ ಗಾಡಿ ಕೊಟ್ಟು ಒಂದು ಸುತ್ತು ಹೋಗಿಬರಲು ಹೇಳಿ. ಮನೆಯ ಗ್ರೂಪಿಗೆ ಫಾರ್ವರ್ಡ್ ಮಾಡುವುದಾದರೆ, ಮಹಾರಾಜರ ಕಸದ ಗಾಡಿಯ ಕಥೆಯ ಬದಲು ಈ ನಾಲ್ಕು ಸಾಲುಗಳನ್ನು ಕಳಿಸಿ.